ಎಂಟು ಅಡಿ ಸಮುದ್ರ

ಫೆಬ್ರವರಿಯ ಒಂದು ಬೆಳಿಗ್ಗೆ ಮನೋರಮಾ ಮಸಾಲೆ ಕೋಣೆಯಿಂದ ಮೇಲೆ ಬಂದು ನೋಡಿದರೆ ಗಂಡ ನಡುಮನೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಕೈಯಲ್ಲಿ ಅಳತೆಯ ಟೇಪು, ಹಲ್ಲಿನ ನಡುವೆ ಹಳದಿ ಅಂಟುಪಟ್ಟಿಯ ತುಂಡು. ಊಟದ ಮೇಜು ಗೋಡೆಗೆ ಒತ್ತಿಕೊಂಡು ನಿಂತಿತ್ತು. ಅದಿದ್ದ ಜಾಗದಲ್ಲಿ ಎಂಟು ಅಡಿ ಉದ್ದದ, ಎರಡೂವರೆ ಅಡಿ ಅಗಲದ ಹಳದಿ ಚೌಕಟ್ಟು.

“ಅದರ ಮೇಲೆ ಕಾಲಿಡಬೇಡ, ಸುತ್ತು ಹಾಕಿ ಬಾ,” ಎಂದರು ಭುಜಂಗರಾಯರು. “ಮೀನಿನ ಟ್ಯಾಂಕ್ ಬಂದ ಮೇಲೆ ಹೇಗೂ ಹಾಗೇ ನಡೀಬೇಕಲ್ಲ. ಈಗಿಂದಲೇ ಅಭ್ಯಾಸ ಆಗ್ಲಿ.”

ಮನೋರಮಾ ಸುತ್ತು ಹಾಕಿ ಬಂದಳು. ಆ ದಿನದಿಂದ ಅಡುಗೆಮನೆಗೆ, ದೇವರ ಕೋಣೆಗೆ, ಬಟ್ಟೆ ಒಣಹಾಕುವ ಬಾಲ್ಕನಿಗೆ, ಎಲ್ಲಿಗೆ ಹೋಗುವುದಿದ್ದರೂ ಇನ್ನೂ ಇಲ್ಲದ ಆ ಸಮುದ್ರವನ್ನು ಬಳಸಿಕೊಂಡೇ ಹೋಗುತ್ತಿದ್ದಳು.

ಅವಳಿಗೆ ಐವತ್ತೆರಡು. ಕುಂದಾಪುರದಾಚೆಯ ಒಂದು ಕರಾವಳಿ ಊರಿನಿಂದ ಮದುವೆಯಾಗಿ ನಾಸಿಕಕ್ಕೆ ಬಂದು ಮೂವತ್ತೊಂದು ವರ್ಷ. ದ್ವಾರಕಾ ಸರ್ಕಲ್ಲಿನ ಒಳರಸ್ತೆಯಲ್ಲಿ ಕೆಳಗೆ ಹೋಟೆಲು, ಮೇಲೆ ಮನೆ. ಬೆಳಿಗ್ಗೆ ಆರಕ್ಕೆ ಶಟರ್ ಏರಿದರೆ ಪಿಂಪಳಗಾಂವಿನ ಈರುಳ್ಳಿ ದಲಾಲರು, ಕೋರ್ಟಿನ ಕೆಲಸಕ್ಕೆ ಬಂದ ಸಟಾಣಾದವರು, ಗೋದಾವರಿಯಲ್ಲಿ ಮಿಂದು ಬಂದ ಯಾತ್ರಿಕರು ಒಬ್ಬರ ಹಿಂದೊಬ್ಬರು ಇಡ್ಲಿ ಸಾಂಬಾರಿಗೆ ಬಂದು ಕೂರುತ್ತಿದ್ದರು. ಹಬ್ಬವಿರಲಿ, ಕುಂಭಮೇಳವಿರಲಿ, ಮನೆಯಲ್ಲಿ ಜ್ವರವಿರಲಿ, ಆ ಶಟರು ಏರದ ದಿನ ಇರಲಿಲ್ಲ. ಅಡುಗೆಯವರು ಬರುತ್ತಿದ್ದರು, ಬಿಟ್ಟು ಹೋಗುತ್ತಿದ್ದರು. ಸಾಂಬಾರಿನ ಪುಡಿ ಮಾತ್ರ ಮೊದಲ ದಿನದಿಂದ ಮನೋರಮಾಳದ್ದು. ಕೆಳಗಿನ ಹಿಂಭಾಗದಲ್ಲಿ ಅದಕ್ಕೆಂದೇ ಒಂದು ಕೋಣೆ: ದೊಡ್ಡ ಬಾಣಲೆ, ಪುಡಿ ಮಾಡುವ ಯಂತ್ರ, ಕೊತ್ತಂಬರಿ ಮೆಣಸಿನ ಗೋಣಿಗಳು, ಎತ್ತರದಲ್ಲೊಂದು ಕಿಟಕಿ.

“ಇದು ನಮ್ಮ ಮನೆಯವಳ ಕೈ. ಅವಳಿಲ್ಲದಿದ್ದರೆ ಹೋಟೆಲ್ ಬಂದ್,” ಎಂದು ಭುಜಂಗರಾಯರು ಗಲ್ಲಾಪೆಟ್ಟಿಗೆಯ ಮುಂದೆ ನಿಂತವರಿಗೆಲ್ಲ ಹೇಳುತ್ತಿದ್ದರು. ಮೊದಲ ಹತ್ತು ವರ್ಷ ಆ ಮಾತು ಕೇಳಿದರೆ ಅವಳಿಗೆ ಹೆಮ್ಮೆಯಾಗುತ್ತಿತ್ತು. ಆಮೇಲಾಮೇಲೆ ಅದು ಹೊರಗಿನಿಂದ ಚಿಲಕ ಹಾಕಿದ ಸದ್ದಿನ ಹಾಗೆ ಕೇಳತೊಡಗಿತು. ತವರಿಗೆ ಹೋಗುವುದು ಎರಡು ಮೂರು ವರ್ಷಕ್ಕೊಮ್ಮೆ, ಅದೂ ನಾಲ್ಕು ದಿನ. ನಾಲ್ಕು ದಿನಕ್ಕೆ ಸಾಲುವಷ್ಟು ಪುಡಿ ಮಾಡಿಟ್ಟು ಹೋಗಬೇಕು, ಮುಗಿಯುವ ಮೊದಲು ಬರಬೇಕು.

ಹಿಂದಿನ ದೀಪಾವಳಿಯ ಹೊತ್ತಿಗೆ ಭುಜಂಗರಾಯರಿಗೆ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿಸಬೇಕಾಯಿತು. ಡಾಕ್ಟರು ಒಲೆಯ ಸೆಕೆ ಬೇಡ, ಭಾರ ಎತ್ತುವುದು ಬೇಡ ಎಂದರು. ಮಗ ದಿಗಂತ್ ಗಲ್ಲಾಪೆಟ್ಟಿಗೆಗೆ ಬಂದ. ಅಪ್ಪ ಮೇಲಿನ ಮನೆಯಲ್ಲಿ ಉಳಿದರು. ಹದಿನೇಳನೆಯ ವಯಸ್ಸಿಗೆ ಸೋದರಮಾವನ ಹೋಟೆಲಿನಲ್ಲಿ ತಟ್ಟೆ ತೊಳೆಯಲು ಸೇರಿದ ಮನುಷ್ಯ ಅವರು. ಸುಮ್ಮನೆ ಕೂತು ಗೊತ್ತಿಲ್ಲ. ಎರಡು ತಿಂಗಳು ಗೋಡೆಯ ಬಿರುಕು ಎಣಿಸಿದರು, ಫ್ಯಾನು ಒರೆಸಿದರು, ಸೊಸೆ ತರುವ ಬಗ್ಗೆ ಮಗನನ್ನು ಕಾಡಿದರು. ಜನವರಿಯಲ್ಲಿ ಒಂದು ಮಧ್ಯಾಹ್ನ ಫೋನನ್ನು ಅವಳ ಮುಖದ ಹತ್ತಿರ ಹಿಡಿದರು.

“ಇದು ಕಾಣು. ಯಾರದೋ ಮನೆಯೊಳಗೆ ಮಾಡಿದ್ದು. ನಿಜವಾದ ಉಪ್ಪುನೀರು, ನಿಜವಾದ ಹವಳ.”

ನೀಲಿ ಬೆಳಕಿನಲ್ಲಿ ಏನೇನೋ ಓಲಾಡುತ್ತಿತ್ತು. ಚಂದವೇ ಇತ್ತು. ಅವಳು ಹಾಗೆಯೇ ಹೇಳಿದಳು.

“ಸಮುದ್ರ ಸಮುದ್ರ ಅಂತ ಎಷ್ಟು ವರ್ಷದಿಂದ ಹೇಳ್ತಾ ಇದ್ದಿ ನೀನು. ನನ್ನ ಕೈಲಿ ಕರ್ಕೊಂಡು ಹೋಗ್ಲಿಕ್ಕೆ ಆಗ್ಲಿಲ್ಲ. ಇಲ್ಲಿಗೇ ತರುವ.” ಅವರ ಕಣ್ಣು ಒದ್ದೆಯಾಗಿತ್ತು. ಆಪರೇಶನ್ ಆದ ಮೇಲೆ ಅವರಿಗೆ ಬೇಗ ಹಾಗಾಗುತ್ತಿತ್ತು.

ಅವಳು ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ಮಗಳು ಅಶ್ವಿತಾ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ಕೆಲಸಗಾರರ ವಿಭಾಗ ನೋಡಿಕೊಳ್ಳುತ್ತಿದ್ದಳು, ವಾಸ ಛತ್ರಪತಿ ಸಂಭಾಜಿನಗರದಲ್ಲಿ. ಅಲ್ಲಿನ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರಿಗಾಗಿ ಒಂದು ಟ್ರಸ್ಟು ಹಾಸ್ಟೆಲು ನಡೆಸುತ್ತಿತ್ತು. ಅರವತ್ತನಾಲ್ಕು ಹುಡುಗಿಯರು, ಊಟ ಬಾಯಿಗಿಡಲಾಗದಂತಿತ್ತು. ಅಡುಗೆಮನೆ ನೋಡಿಕೊಳ್ಳಲು ಒಬ್ಬರು ಬೇಕಿತ್ತು: ಸಂಬಳ, ಇರಲು ಒಂದು ಕೋಣೆ. ಅಶ್ವಿತಾ ಅಮ್ಮನಿಗೆ ಫೋನು ಮಾಡಿ ತಮಾಷೆಯ ಹಾಗೆ ಕೇಳಿದ್ದಳು. ಮನೋರಮಾ ಮೆಣಸು ಹುರಿಯುತ್ತಾ ತಮಾಷೆಯಿಲ್ಲದೆ ಉತ್ತರ ಕೊಟ್ಟಿದ್ದಳು.

“ಜೂನ್ ಒಂದಕ್ಕೆ ಬರ್ತೇನೆ ಅಂತ ಹೇಳು.”

ಅಷ್ಟರೊಳಗೆ ಗಂಡನ ಆರೋಗ್ಯ ಸುಧಾರಿಸುತ್ತದೆ, ಆಗ ಹೇಳಿದರಾಯಿತು ಎಂದುಕೊಂಡಿದ್ದಳು. ಆರೋಗ್ಯವೇನೋ ಸುಧಾರಿಸಿತು, ಆದರೆ ಅದರ ಜೊತೆಗೇ ಟ್ಯಾಂಕೂ ಬೆಳೆಯಿತು. ತೊಂಬತ್ತು ಜನ ಕೂರುವ ಹೋಟೆಲಿನ ನಕ್ಷೆಯನ್ನು ಒಂದು ಕಾಲದಲ್ಲಿ ತಾವೇ ಬರೆದಿದ್ದ ಭುಜಂಗರಾಯರು ಈಗ ಚೌಕುಳಿ ಪುಸ್ತಕ ತರಿಸಿ ಪೈಪು ಎಲ್ಲಿ, ಪಂಪು ಎಲ್ಲಿ, ಕೆಳಗಿನ ಸೋಸುವ ತೊಟ್ಟಿ ಎಲ್ಲಿ, ದೀಪಗಳೆಷ್ಟು ಎಂದು ಮೂರು ಬಣ್ಣದ ಪೆನ್ನಿನಲ್ಲಿ ಬರೆದರು. ಮುಖದಲ್ಲಿ ರಕ್ತ ಕಾಣಿಸಿಕೊಂಡಿತು. ಊಟ ಸೇರತೊಡಗಿತು. ದಿಗಂತ್ ಅಮ್ಮನ ಬಳಿ ಗುಟ್ಟಾಗಿ, “ಅಪ್ಪ ಪುನಃ ಮೊದಲಿನ ಹಾಗೆ ಆಗ್ತಿದಾರೆ ನೋಡು, ಬಿಲ್ಕುಲ್,” ಎಂದ. ಅದು ನಿಜವಾಗಿತ್ತು. ನಿಜವಾಗಿದ್ದುದರಿಂದಲೇ ಅವಳ ಬಾಯಿ ಮತ್ತಷ್ಟು ಕಟ್ಟಿತು.

ಮಾರ್ಚಿನಲ್ಲಿ ವಿನಯ ಬಂದ. ಭಾಲ್ಕಿ ಕಡೆಯವನು, ಸಂಭಾಜಿನಗರದಲ್ಲಿ ನೆಲೆಸಿ ಮನೆಗಳಿಗೆ, ಆಫೀಸುಗಳಿಗೆ ಮೀನಿನ ತೊಟ್ಟಿ ಕಟ್ಟಿಕೊಡುವುದು ಅವನ ಕಸುಬು. ನಲವತ್ತರ ಹತ್ತಿರದ ವಯಸ್ಸು, ಆತುರವಿಲ್ಲದ ಮಾತು. ಅವನು ಹಳದಿ ಚೌಕಟ್ಟಿನ ಸುತ್ತ ಎರಡು ಸಲ ನಡೆದು, ಗೋಡೆ ತಟ್ಟಿ ನೋಡಿ, ಕುರ್ಚಿ ಎಳೆದುಕೊಂಡ.

“ನೋಡ್ರಿ ಕಾಕಾ, ಕಟ್ಟಿ ಕೊಡೂದು ನನ್ನ ಕೆಲಸ. ಅದನ್ನ ಜೀವಂತ ಇಡೂದು ಮನಿಯವರ ಕೆಲಸ. ಮೊದಲೇ ಹೇಳ್ತೀನಿ, ಆಮ್ಯಾಲ ಬೈಬ್ಯಾಡ್ರಿ.”

ಅವನು ಹೇಳುತ್ತಾ ಹೋದ, ಭುಜಂಗರಾಯರು ಬರೆಯುತ್ತಾ ಹೋದರು. ಸೋಸಿದ ನೀರಿಗೆ ಸಮುದ್ರದ ಉಪ್ಪನ್ನು ತೂಕ ಮಾಡಿ ಬೆರೆಸಬೇಕು. ದಿನಾ ನೀರು ಆರುತ್ತದೆ, ಆರಿದಷ್ಟು ಸಿಹಿನೀರು ಹಾಕಬೇಕು, ಇಲ್ಲವಾದರೆ ಉಪ್ಪು ಏರುತ್ತದೆ. ನೀರು ಇಪ್ಪತ್ತೈದು ಇಪ್ಪತ್ತಾರು ಡಿಗ್ರಿ ದಾಟಬಾರದು. ನಾಸಿಕದ ಏಪ್ರಿಲಿನಲ್ಲಿ ಅದಕ್ಕೆಂದೇ ತಂಪು ಮಾಡುವ ಯಂತ್ರ ಓಡುತ್ತಿರಬೇಕು. ಕರೆಂಟು ಹೋಗಿ ಪಂಪು ನಿಂತರೆ ಕೆಲವೇ ಗಂಟೆಯಲ್ಲಿ ಒಳಗಿನದೆಲ್ಲ ಉಸಿರುಕಟ್ಟಿ ಸಾಯುತ್ತದೆ. ನಮ್ಮ ಸಮುದ್ರದ ಹವಳ ಮುಟ್ಟಲು ಕಾಯಿದೆ ಬಿಡುವುದಿಲ್ಲ. ತೊಟ್ಟಿಯಲ್ಲೇ ಬೆಳೆಸಿದ, ಕಾಗದಪತ್ರವಿರುವ ಮೆದು ಹವಳದ ತುಂಡುಗಳನ್ನು ಮಾತ್ರ ತರಬಹುದು. ಅದಕ್ಕೂ ಮುಂಚೆ ಐದಾರು ವಾರ ಬರೀ ಕಲ್ಲು ನೀರು ಇಟ್ಟುಕೊಂಡು ಹದ ಬರುವುದನ್ನು ಕಾಯಬೇಕು.

“ಮೀನಿಗೆ ತಿನ್ನಲಿಕ್ಕೆ?” ಭುಜಂಗರಾಯರು ಕೇಳಿದರು.

“ಬರ್ಫದಾಗ ಇಟ್ಟ ಸಣ್ಣ ಸೀಗಡಿ ಸಿಗ್ತಾವ್ರಿ. ಕರಗಿಸಿ ಹಾಕೂದು.”

ಏಕಾದಶಿಗೆ ಈರುಳ್ಳಿಯನ್ನೂ ಒಳಗೆ ತರದ ಮನೆ ಅದು. ಭುಜಂಗರಾಯರು ಪೆನ್ನಿನ ಬಣ್ಣ ಬದಲಿಸಿದರು. “ಅದಕ್ಕೆ ಬೇರೆ ಸಣ್ಣ ಫ್ರಿಜ್ ಇಡುವ. ಅಡುಗೆಮನೆಯಿಂದ ದೂರ.”

“ಕರಗಿಸಿ ಹಾಕುವ ಕೈ ಯಾರದ್ದು?” ಎಂದಳು ಮನೋರಮಾ. ಅವಳ ಪ್ರಶ್ನೆ ಚಹಾದ ತಟ್ಟೆಯ ಸದ್ದಿನಲ್ಲಿ ಹೋಯಿತು.

ಏಳುವ ಮೊದಲು ವಿನಯ ಕೇಳಿದ, “ಇನ್ನೊಂದು ಮಾತು. ಇಡೀ ದಿನ ಮನ್ಯಾಗ ಇರೋವ್ರು ಯಾರು? ಒಬ್ಬರರೆ ಬೇಕ್ರಿ. ಊರಿಗಿ ಹೋಗೂದು, ರಾತ್ರಿ ಹೊರಗ ವಸ್ತಿ ಇರೂದು, ಅದೆಲ್ಲ ನಡೆಯಂಗಿಲ್ಲ.”

ಭುಜಂಗರಾಯರು ಪುಸ್ತಕದಿಂದ ತಲೆ ಎತ್ತಲಿಲ್ಲ. “ಮನೋರಮಾ ಇರ್ತಾಳಲ್ಲ. ಅವಳೆಲ್ಲಿಗೆ ಹೋಗ್ತಾಳೆ?”

ಆ ಸಂಜೆ ಅವಳು ಪುಸ್ತಕ ತೆರೆದು ನೋಡಿದಳು. ಒಂದು ಪುಟಕ್ಕೆ ‘ದಿನಚರಿ’ ಎಂಬ ತಲೆಬರಹ. ಬೆಳಿಗ್ಗೆ ಏಳು, ನೀರಿನ ಬಿಸಿ ನೋಡುವುದು. ಹತ್ತು, ಆರಿದ ನೀರು ತುಂಬುವುದು. ನಾಲ್ಕು, ಮೀನಿಗೆ ಆಹಾರ. ಆರು, ಉಪ್ಪು ಅಳೆಯುವುದು. ವಾರಕ್ಕೊಮ್ಮೆ ನೂರೈವತ್ತು ಲೀಟರ್ ನೀರು ತೆಗೆದು ಹೊಸತು ಹಾಕುವುದು. ಪ್ರತಿ ಸಾಲಿನ ಮುಂದೆ ಹಸಿರು ಶಾಯಿಯಲ್ಲಿ, ಅಚ್ಚುಕಟ್ಟಾದ ಅಕ್ಷರದಲ್ಲಿ, ‘ಮನೋ’. ಅವರು ಪ್ರೀತಿಯಿಂದ ಕರೆಯುವಾಗ ಬಳಸುತ್ತಿದ್ದ ಹೆಸರು.

ಒಂದು ವಾರದ ಮೇಲೆ ಆಸೆಯ ಎಳೆಯೊಂದು ಸಿಕ್ಕಿತು. ವಿನಯನೇ ಕಳಿಸಿದ ಇಂಜಿನಿಯರ್ ರವಿಕಾಂತ ಬಂದು ಕೆಳಗೂ ಮೇಲೂ ಓಡಾಡಿ, ನೀರು ಕಲ್ಲು ಗಾಜು ಎಲ್ಲ ಸೇರಿ ಎರಡು ಟನ್ನಿಗೂ ಮೇಲಾಗುತ್ತದೆ, ಹಳೆಯ ಸ್ಲ್ಯಾಬು ತಡೆಯುವುದಿಲ್ಲ ಎಂದು ಖಂಡಿತ ಹೇಳಿಬಿಟ್ಟ. ಭುಜಂಗರಾಯರು ಅಂಟುಪಟ್ಟಿ ಕೀಳಿಸಿದರು. ಊಟದ ಮೇಜು ತನ್ನ ಜಾಗಕ್ಕೆ ಬಂತು. ಅಂದು ಮನೋರಮಾ ಹಬ್ಬವಿಲ್ಲದಿದ್ದರೂ ಹಯಗ್ರೀವ ಮಾಡಿದಳು. ಗಂಡ ಎರಡು ಚಮಚ ತಿಂದು ಬಟ್ಟಲು ಸರಿಸಿದಾಗ ಅವರ ಮುಖ ನೋಡಿ ಅವಳಿಗೆ ತನ್ನ ಸಂತೋಷದ ಬಗ್ಗೆಯೇ ನಾಚಿಕೆಯಾಯಿತು.

ಆ ನಾಚಿಕೆ ಎರಡೇ ದಿನ. ಮೂರನೆಯ ದಿನ ಅವರು ಚಪ್ಪಲಿ ಸದ್ದು ಮಾಡುತ್ತಾ ಮಸಾಲೆ ಕೋಣೆಗೆ ಇಳಿದು ಬಂದರು.

“ಇದು ನೆಲದ ಮೇಲಿನ ಕೋಣೆ. ಅಡಿಯಲ್ಲಿ ಮಣ್ಣು, ಎಷ್ಟು ಭಾರವಾದರೂ ತಡೀತದೆ. ಬಿಸಿಲೂ ಬರುದಿಲ್ಲ.” ಅವರು ಗೋಣಿಗಳ ಮೇಲಿನಿಂದ ಟೇಪು ಎಳೆಯುತ್ತಿದ್ದರು. “ನೀನು ಹೇಗೂ ಇಡೀ ದಿನ ಇಲ್ಲೇ ಇರುದು. ಪುಡಿ ಮಾಡುವ ಯಂತ್ರ ಹೊರಗೆ ಶೀಟಿನ ಕೆಳಗೆ ಇಟ್ಟರಾಯ್ತು. ನಂಗೆ ಮೊದಲೇ ಯಾಕೆ ಹೊಳೀಲಿಲ್ಲ ಅಂತ.”

ಬಾಣಲೆಯಲ್ಲಿ ಕೊತ್ತಂಬರಿ ಹೊತ್ತುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವಳು ಕೊತ್ತಂಬರಿ ಹೊತ್ತಿಸಿದ್ದು ಅದೇ ಮೊದಲು.

ಏಪ್ರಿಲಿನಲ್ಲಿ, ಟ್ಯಾಂಕಿನ ಗಾಜಿಗೆ ಆರ್ಡರ್ ಕೊಡುವ ಮೊದಲು, ಮುಗಿದು ನಿಂತ ಒಂದು ಟ್ಯಾಂಕು ಕಣ್ಣಾರೆ ನೋಡಬೇಕೆಂದು ಗಂಡಹೆಂಡತಿ ಸಂಭಾಜಿನಗರಕ್ಕೆ ಹೋದರು. ಹೋಟೆಲಿನ ವ್ಯಾನು ನಡೆಸುವ ಮಹಿಬೂಬ ಕಾರು ಓಡಿಸಿದ. ವಿನಯ ಅವರನ್ನು ಕರೆದುಕೊಂಡು ಹೋದದ್ದು ಅಲ್ಲೇ ನೆಲೆಸಿದ್ದ ಚನಬಸಪ್ಪ ಎಂಬ ಕಲಬುರಗಿ ಮೂಲದ ಬೇಳೆ ವ್ಯಾಪಾರಿಯ ಮನೆಗೆ. ಆರಡಿಯ ಟ್ಯಾಂಕು, ನಡುಮನೆಯ ಒಂದು ಗೋಡೆಯ ತುಂಬ.

ಮನೋರಮಾ ಅದರ ಮುಂದೆ ನಿಂತು ಸ್ವಲ್ಪ ಹೊತ್ತು ತನ್ನ ಸಿಟ್ಟನ್ನು ಮರೆತಳು. ಅವಳು ಬೆಳೆದದ್ದು ಸಮುದ್ರದ ಬಾಗಿಲಲ್ಲಿ, ಆದರೆ ನೋಡಿದ್ದು ಅಲೆಯನ್ನು, ನೊರೆಯನ್ನು, ದೋಣಿಗಳನ್ನು. ಅಡಿಯಲ್ಲಿ ಇಷ್ಟು ಬಣ್ಣ, ಇಷ್ಟು ಮೌನ ಇರುತ್ತದೆಂದು ಯೋಚಿಸಿರಲಿಲ್ಲ. ನೇರಳೆ ಬಣ್ಣದ ಬೆರಳುಗಳಂಥದೊಂದು ಕಲ್ಲಿಗೆ ಅಂಟಿಕೊಂಡು ತೂಗುತ್ತಿತ್ತು. ಪಕ್ಕದಲ್ಲಿ ಗಂಡನ ಉಸಿರು ಮಕ್ಕಳ ಉಸಿರಿನ ಹಾಗೆ ಕೇಳುತ್ತಿತ್ತು.

ಗಂಡಸರು ಪಂಪುಗಳನ್ನು ನೋಡಲು ಹಿಂದಿನ ಕೋಣೆಗೆ ಹೋದಾಗ ಚನಬಸಪ್ಪನ ಹೆಂಡತಿ ಜಯಮಾಲಾ ಅವಳ ಬಳಿ ಬಂದು ನಿಂತಳು. ಕೈಯಲ್ಲಿ ಸಣ್ಣ ಜಾಲರಿ. ಮಾತಾಡುತ್ತಿದ್ದರೂ ಕಣ್ಣು ಗಾಜಿನ ಮೇಲೆಯೇ.

“ಎಲ್ಲಾ ನೀವೇ ನೋಡ್ಕೊಳ್ತೀರಾ?” ಮನೋರಮಾ ಕೇಳಿದಳು.

“ಮತ್ತ್ಯಾರು ನೋಡ್ತಾರ್ರಿ? ಅವರಿಗಿ ಅಡತಿ ಅಂಗಡಿ ಬಿಟ್ಟು ಬರಲಿಕ್ಕಾಗಂಗಿಲ್ಲ. ಹುಡುಗರು ಕೈ ಹಚ್ಚಂಗಿಲ್ಲ.” ಜಯಮಾಲಾ ನಕ್ಕಳು. “ನಾಕ ವರ್ಷ ಆಯ್ತು ನೋಡ್ರಿ, ಹೊರಗ ಒಂದಿನಾ ವಸ್ತಿ ಮಾಡಿಲ್ಲ ನಾ. ಹ್ವಾದ ವರ್ಷ ಲಾತೂರಿನಾಗ ತಮ್ಮನ ಲಗ್ನ ಇತ್ತು. ಅಕ್ಕಿಕಾಳು ಹಾಕಿ, ಊಟಕ್ಕ ಕೂಡದೇ ಹೊಳ್ಳಿ ಬಂದೆ.”

“ಬೇಜಾರಾಗ್ಲಿಲ್ವಾ?”

“ಯಾಕ್ರಿ ಬ್ಯಾಸರ? ನಾ ಇಲ್ಲಂದ್ರ ಇವು ಬದುಕಂಗಿಲ್ಲ.”

ಹೇಳುವಾಗ ಜಯಮಾಲಾಳ ಮುಖದಲ್ಲಿ ದುಃಖದ ಗೆರೆಯೊಂದೂ ಇರಲಿಲ್ಲ, ಹೆಮ್ಮೆಯಿತ್ತು. ಅವಳು ಅತ್ತಿದ್ದರೆ ಮನೋರಮಾಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅಶ್ವಿತಾ ಸ್ಕೂಟಿಯಲ್ಲಿ ಬಂದು, ಅಮ್ಮನಿಗೆ ಆ ಊರಿನ ಹಿಮ್ರೂ ನೇಯ್ಗೆಯ ಶಾಲು ಕೊಡಿಸುತ್ತೇನೆಂದು ಹೇಳಿ ಹೊರಡಿಸಿದಳು. ಹೋದದ್ದು ಹಾಸ್ಟೆಲಿಗೆ. ಮೊದಲ ಪಾಳಿ ಮುಗಿಸಿದ ನಾಲ್ಕೈದು ಹುಡುಗಿಯರು ನೀರಾದ ಬೇಳೆಯಲ್ಲಿ ಚಪಾತಿ ಅದ್ದಿ ತಿನ್ನುತ್ತಿದ್ದರು. ಮನೋರಮಾ ಒಲೆಗಳನ್ನು ನೋಡಿದಳು, ಪಾತ್ರೆಗಳ ತಳ ನೋಡಿದಳು, ಉಗ್ರಾಣದ ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದಳು. ವ್ಯವಸ್ಥಾಪಕಿ ಅವಳಿಗೆಂದಿರುವ ಕೋಣೆ ತೋರಿಸಿದಳು. ಒಂದು ಮಂಚ, ಒಂದು ಕಪಾಟು, ಒಳಗಿನಿಂದ ಹಾಕಿಕೊಳ್ಳುವ ಅಗಳಿ. ಮನೋರಮಾ ಅಗಳಿ ಹಾಕಿ ನೋಡಿದಳು, ತೆಗೆದಳು.

“ಜೂನ್ ಒಂದು, ನಕ್ಕೀ ನಾ?” ಎಂದು ವ್ಯವಸ್ಥಾಪಕಿ ಮರಾಠಿಯಲ್ಲಿ ಖಾತ್ರಿ ಮಾಡಿಕೊಂಡಳು.

“ನಕ್ಕೀ,” ಎಂದಳು ಮನೋರಮಾ.

ತಿರುಗಿ ಬರುವಾಗ ಯೇವಲಾದಲ್ಲಿ ಚಹಾಕ್ಕೆ ನಿಲ್ಲಿಸಿದರು. ಮಹಿಬೂಬ ಗಾಳಿ ಹೊಡೆಸಲು ಕಾರನ್ನು ಆಚೆ ಒಯ್ದ. ಮನೋರಮಾ ಅಷ್ಟು ಹೊತ್ತು ಕಾದಿದ್ದು ಅದಕ್ಕೇ.

“ಜೂನ್ ಒಂದರಿಂದ ನಾನು ಸಂಭಾಜಿನಗರದಲ್ಲಿ ಇರ್ತೇನೆ.”

“ಅಶ್ವಿತಾ ಹತ್ರವಾ? ಎಷ್ಟು ದಿನ?”

“ದಿನದ ಲೆಕ್ಕ ಅಲ್ಲ. ಕೆಲಸಕ್ಕೆ. ಹುಡುಗಿಯರ ಹಾಸ್ಟೆಲಿನ ಅಡುಗೆಮನೆ ನೋಡ್ಕೊಳ್ಳಿಕ್ಕೆ.”

“ಮತ್ತೆ ನಾನು ಇದೆಲ್ಲ ಯಾರಿಗೋಸ್ಕರ ಮಾಡ್ತಾ ಇರುದು?”

“ನನಗೋಸ್ಕರ ಅಂತ ನೀವು ಹೇಳ್ತೀರಿ. ನನ್ನ ಹತ್ರ ಒಂದು ಸಲ ಕೇಳಿದ್ರಾ?”

“ಸಮುದ್ರ ಬೇಕು ಅಂದವಳು ನೀನು.”

“ಬೇಕು ಅನ್ಲಿಲ್ಲ ನಾನು. ಹೋಗ್ಬೇಕು ಅಂದೆ. ನಾಸಿಕ್ ರೋಡ್ ಸ್ಟೇಶನ್ನಿನಿಂದ ಊರಿನ ಕಡೆಗೆ ನೇರ ರೈಲು ಉಂಟು, ಎಷ್ಟೋ ವರ್ಷದಿಂದ ಉಂಟು.”

ಭುಜಂಗರಾಯರು ಚಹಾದ ಲೋಟವನ್ನು ಕುಡಿಯದೆ ಬೆಂಚಿನ ಮೇಲಿಟ್ಟರು. ಯೇವಲಾದಿಂದ ನಾಸಿಕದವರೆಗೆ ಅವರು ಕಿಟಕಿಯ ಕಡೆಗೆ ತಿರುಗಿ ಕೂತಿದ್ದರು. ಹೊಲಗಳಲ್ಲಿ ಈರುಳ್ಳಿಯ ರಾಶಿಗಳು ಹೋಗುತ್ತಿದ್ದವು.

ಮರುದಿನ ಬೆಳಿಗ್ಗೆ ಅವರಿಗೆ ಎದೆ ಹಿಡಿದಂತಾಯಿತು. ದಿಗಂತ್ ಹೋಟೆಲು ಬಿಟ್ಟು ಆಸ್ಪತ್ರೆಗೆ ಓಡಿಸಿಕೊಂಡು ಹೋದ. ಪರೀಕ್ಷೆಗಳೆಲ್ಲ ಸರಿ ಬಂದವು, ವಾಯು ಎಂದರು. ಮನೆಗೆ ಬಂದ ಮೇಲೆ ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಪ್ಪ ಅವನಿಗೆ ಎಲ್ಲ ಹೇಳಿದ್ದರು.

“ನಕೋ ಅಮ್ಮ. ಈ ವರ್ಷ ಬೇಡ. ಅಪ್ಪನಿಗೆ ಟೆನ್ಶನ್ ಕೊಡುದು ಬೇಡ. ನಿನಗೆ ಇಲ್ಲಿ ಎಂತ ಕಮ್ಮಿ ಉಂಟು?”

ಕಮ್ಮಿ ಏನು ಎಂದು ಅವಳು ಲೆಕ್ಕ ಹಾಕಿ ನೋಡಿದಳು. ಮೂರು ಹೊತ್ತು ಊಟ, ಮೈತುಂಬ ಬಟ್ಟೆ, ಒಳ್ಳೆಯ ಗಂಡ, ಹೇಳಿದ ಮಾತು ಕೇಳುವ ಮಗ. ಅವಳು ಹಾಸ್ಟೆಲಿಗೆ ಫೋನು ಮಾಡಿ ಒಂದು ತಿಂಗಳು ಮುಂದೂಡಿದಳು. ಅಶ್ವಿತಾ ಆಚೆಯಿಂದ, “ಹೌದಾ ಅಮ್ಮ,” ಎಂದಳಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಭುಜಂಗರಾಯರು ಆ ವಿಷಯ ಮತ್ತೆ ಎತ್ತಲಿಲ್ಲ. ಮುಗಿದುಹೋಯಿತು ಎಂದುಕೊಂಡಿರಬೇಕು. ಗಾಜಿಗೆ ಹೇಳಿಯಾಯಿತು. ಮೇ ತಿಂಗಳಲ್ಲಿ ಮಸಾಲೆ ಕೋಣೆ ಖಾಲಿಯಾಯಿತು. ಹೊರಗಿನ ಶೀಟಿನ ಕೆಳಗೆ ಯಂತ್ರವಿಡಲು ಹೋದರೆ ಪಕ್ಕದ ಕಟ್ಟಡದವರು ಘಾಟು ಬರುತ್ತದೆಂದು ಜಗಳ ತೆಗೆದರು. ಟ್ಯಾಂಕು ಮುಗಿಯುವವರೆಗೆ ತಾತ್ಕಾಲಿಕವಾಗಿ ಇರಲಿ ಎಂದು ದಿಗಂತ್ ಒಂದು ಮಸಾಲೆ ಗಿರಣಿಯಿಂದ ಸಿದ್ಧ ಸಾಂಬಾರು ಪುಡಿ ತರಿಸಿದ.

ಮನೋರಮಾ ಮೊದಲ ದಿನ ಹೋಟೆಲಿನ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಪಿಂಪಳಗಾಂವಿನ ಮುದುಕ ದಲಾಲರೊಬ್ಬರಿದ್ದರು, ಉಪ್ಪು ಒಂದು ಕಾಳು ಹೆಚ್ಚಾದರೂ ತಟ್ಟೆ ತಳ್ಳುವವರು. ಅವರು ಸಾಂಬಾರು ಸುರಿದುಕೊಂಡರು, ಇಡ್ಲಿ ಮುರಿದರು, ಇನ್ನೊಂದು ಬಟ್ಟಲು ಸಾಂಬಾರು ಕೇಳಿದರು.

ಒಂದು ವಾರ ಹೋಯಿತು, ಹದಿನೈದು ದಿನ ಹೋಯಿತು. ಅವಳು ತಡೆಯಲಾಗದೆ ಮಗನನ್ನು ಕೇಳಿದಳು, “ಯಾರಾದ್ರೂ ಎಂತಾದ್ರೂ ಹೇಳಿದ್ರಾ?”

“ಎಂತದರ ಬಗ್ಗೆ?” ಎಂದ ದಿಗಂತ್, ಬಿಲ್ಲು ಹರಿಯುತ್ತಾ.

ಮನೋರಮಾ ಮೇಲೆ ಹೋಗಿ ಮಂಚದ ಅಂಚಿಗೆ ಕೂತಳು. ಕೆಳಗೆ ಮಧ್ಯಾಹ್ನದ ಊಟದ ಗದ್ದಲ ಎಂದಿನಂತಿತ್ತು. ಮೊದಲು ಬಂದದ್ದು ಅಳು. ಅಣ್ಣನ ಮಗಳ ಮದುವೆಗೆ ಅವಳು ಹೋಗಿರಲಿಲ್ಲ, ಅಮ್ಮನ ಹದಿಮೂರನೆಯ ದಿನಕ್ಕೆ ನಿಂತಿರಲಿಲ್ಲ, ಪುಡಿ ಮುಗಿಯುತ್ತದೆ ಎಂದು. ತಾನಿಲ್ಲದಿದ್ದರೆ ಹೋಟೆಲು ಬಂದ್ ಎಂಬ ಮಾತನ್ನು ಹೇಳಿದ್ದು ಗಂಡ, ಆದರೆ ಅದನ್ನು ಇಷ್ಟು ವರ್ಷ ನಂಬಿದ್ದು ತಾನು. ಅತ್ತು ಮುಗಿದ ಮೇಲೆ ಮುಖ ತೊಳೆದು, ಅಟ್ಟದಿಂದ ಹಳೆಯ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದಳು.

ಜೂನ್ ಇಪ್ಪತ್ತೆಂಟಕ್ಕೆ ಟ್ಯಾಂಕು ಕೋಣೆಯಲ್ಲಿ ನಿಂತಿತ್ತು, ಖಾಲಿ. ಮಸಾಲೆಯ ವಾಸನೆ ಗೋಡೆಯಿಂದ ಇನ್ನೂ ಹೋಗಿರಲಿಲ್ಲ. ವಿನಯ ಕರೆಂಟಿನ ಪೆಟ್ಟಿಗೆಗೆ ಒಂದು ಸಣ್ಣ ಯಂತ್ರ ಕೂಡಿಸಿ ತನ್ನ ಫೋನಿನಲ್ಲಿ ಏನೋ ತುಂಬುತ್ತಿದ್ದ.

“ಇದು ಅಲಾರ್ಮ್ ಅದರಿ. 24 ತಾಸು. ಕರೆಂಟು ಹೋದ್ರ, ನೀರು ಬಿಸಿ ಆದ್ರ ನೋಡ್ಕೊಳ್ಳೋರ ಫೋನಿಗಿ ಬರ್ತದ. ಯಾರ ನಂಬರ್ ಹಾಕ್ಲಿ?”

“ಮನೋರಮಾಂದು ಹಾಕು,” ಎಂದರು ಭುಜಂಗರಾಯರು. “ತೊಂಬತ್ತೆಂಟು, ಐವತ್ತು…”

“ನನ್ನದು ಹಾಕ್ಬೇಡಿ,” ಎಂದಳು ಮನೋರಮಾ ಬಾಗಿಲಿನಿಂದ. ಧ್ವನಿ ಏರಿರಲಿಲ್ಲ. “ಸೋಮವಾರ ನಾನು ಹೊರಡ್ತೇನೆ.”

ವಿನಯ ಬೆರಳನ್ನು ಫೋನಿನ ಮೇಲೆ ಹಾಗೇ ಹಿಡಿದು ನೆಲ ನೋಡಿದ. ಭುಜಂಗರಾಯರು ಹೆಂಡತಿಯನ್ನು ನೋಡಿದರು, ಖಾಲಿ ಗಾಜನ್ನು ನೋಡಿದರು. ಮಗನನ್ನು ಕರೆಯುತ್ತಾರೆ, ಎದೆ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಕೂಗಾಡುತ್ತಾರೆ ಎಂದು ಅವಳು ಕಾದಳು. ಅವರು ಯಾವುದನ್ನೂ ಮಾಡಲಿಲ್ಲ.

“ಕಾಕಾ, ಯಾರೂ ಇಲ್ಲಂದ್ರ ನೀರು ತುಂಬೂದೇ ಬ್ಯಾಡ್ರಿ,” ಎಂದ ವಿನಯ ಮೆಲ್ಲಗೆ.

ಭುಜಂಗರಾಯರು ತಮ್ಮ ನಂಬರು ಹೇಳಿದರು.

ಹಾಸ್ಟೆಲಿನ ಬದುಕು ಮನೋರಮಾ ಅಂದುಕೊಂಡಂತಿರಲಿಲ್ಲ. ಮೊದಲ ಪಾಳಿಯವರಿಗೆ ಡಬ್ಬಿ ಕಟ್ಟಬೇಕಾದ್ದರಿಂದ ಬೆಳಕು ಹರಿಯುವ ಮೊದಲೇ ಏಳಬೇಕು. ರೊಟ್ಟಿ ಬೇಕೆನ್ನುವವರು, ಅನ್ನ ಬೇಕೆನ್ನುವವರು, ಉಪವಾಸದವರು, ಜ್ವರದವರು. ಸೊಂಟ ಹಿಡಿದ ದಿನ ಒಲೆಯ ಮುಂದೆ ನಿಂತು, ಒಂದು ಒಲೆ ಬಿಟ್ಟು ಇನ್ನೊಂದು ಒಲೆಗೆ ಕಟ್ಟಿಕೊಂಡೆನೇ ಎಂದು ಕೇಳಿಕೊಂಡದ್ದೂ ಉಂಟು. ಆದರೆ ಭಾನುವಾರ ಮಧ್ಯಾಹ್ನ ಅವಳದಾಗಿತ್ತು. ಅಗಳಿ ಹಾಕಿಕೊಂಡು ಮಲಗಿದರೆ ಯಾರೂ ತಟ್ಟುತ್ತಿರಲಿಲ್ಲ.

ಗಂಡ ಮೂರು ವಾರ ಫೋನು ಮಾಡಲಿಲ್ಲ. ನಾಲ್ಕನೆಯ ವಾರ ಒಂದು ಸಂಜೆ ಮಾಡಿದರು.

“ನೀರು ಮೋಡ ಮೋಡ ಆಗಿದೆ. ಕಲ್ಲಿನ ಮೇಲೆ ಎಂತದೋ ಕಂದು ಪಾಚಿ.”

“ವಿನಯನ ಹತ್ರ ಕೇಳಿದ್ರಾ?”

“ಕೇಳಿದೆ. ಹದ ಬರುವಾಗ ಹಾಗೇ, ಕಾಯಿರಿ ಅಂದ. ನಿಂಗೊಂದು ಹೇಳುವ ಅಂತ.”

ಆಮೇಲೆ ಪ್ರತಿ ಸಂಜೆ ಫೋನು ಬಂತು. ಉಪ್ಪು ಎಷ್ಟು, ಬಿಸಿ ಎಷ್ಟು, ಮೊದಲ ಮೀನು ಯಾವಾಗ. ಅವಳು ಚಪಾತಿ ಹಿಟ್ಟು ನಾದುತ್ತಾ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹೂಂಗುಟ್ಟುತ್ತಿದ್ದಳು. ಒಂದು ದಿನ ಫೋನು ತಡವಾದರೆ ಅವಳಿಗೇ ಕೈ ಕಾಲು ಆಡುತ್ತಿರಲಿಲ್ಲ. ನೂರೆಂಬತ್ತು ಕಿಲೋಮೀಟರು ದೂರ ಬಂದರೂ ಹಗ್ಗದ ತುದಿ ಕೈಯಲ್ಲೇ ಉಳಿದಿತ್ತು. ಹದಿನೈದು ದಿನಕ್ಕೊಮ್ಮೆ ಶನಿವಾರ ನಾಸಿಕಕ್ಕೆ ಹೋದಾಗ ನೀರು ಬದಲಿಸಲು ಅವಳೂ ಬಕೇಟು ಹಿಡಿಯುತ್ತಿದ್ದಳು. ಭಾರ ಎತ್ತಬಾರದ ಮನುಷ್ಯ ಎತ್ತುವುದನ್ನು ನೋಡುತ್ತಾ ನಿಲ್ಲಲಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ತವರುಮನೆಯಲ್ಲಿ ಅಣ್ಣನ ಮೊಮ್ಮಗನ ಉಪನಯನ. ಅವಳು ಹಾಸ್ಟೆಲಿನಲ್ಲಿ ಒಂದು ವಾರ ರಜೆ ಕೇಳಿ ಪಡೆದು, ಎರಡು ಟಿಕೆಟು ತೆಗೆಸಿ ನಾಸಿಕಕ್ಕೆ ಬಂದಳು.

ಭುಜಂಗರಾಯರು ಮಸಾಲೆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಬೆರಳ ತುದಿ ಸುಲಿದಿತ್ತು. ಕನ್ನಡಕದ ಗಾಜಿನ ಮೇಲೆ ಉಪ್ಪಿನ ಚುಕ್ಕೆಗಳು. ನೀರೊಳಗೆ ನೇರಳೆ, ಹಸಿರು, ಏಳೆಂಟು ಮೀನು. ಹವಳಗಳು ಇನ್ನೂ ಚಿಕ್ಕವು.

“ಟಿಕೆಟು ಉಂಟು. ನಾಳೆ ಹೊರಡುವ,” ಎಂದಳು.

“ಹೇಗೆ ಹೊರಡುದು?” ಅವರಿಗೆ ಆಶ್ಚರ್ಯವೇ ಆಯಿತು. “ಇವನ್ನೆಲ್ಲ ಬಿಟ್ಟು?”

ಅವಳು ಗಂಡನನ್ನು ನೋಡುತ್ತಾ ನಿಂತಳು. ಆರು ತಿಂಗಳಿಂದ ಈ ಮನುಷ್ಯ ಗೇಟು ದಾಟಿರಲಿಲ್ಲ. ಡಾಕ್ಟರ ಬಳಿಗೂ ದಿಗಂತ್ ರಿಪೋರ್ಟು ಮಾತ್ರ ಒಯ್ದಿದ್ದ. ತಾನು ಎದ್ದು ಬಂದ ಜಾಗದಲ್ಲೇ ಅವರು ಕೂತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಅದರಲ್ಲಿ ಗೆದ್ದ ಸುಖ ಕಾಣಿಸಲಿಲ್ಲ.

“ಹಾಗಾದ್ರೆ ನಾನು ಇಲ್ಲಿರ್ತೇನೆ,” ಎಂದಳು. “ಒಂದು ವಾರ ನಾನು ನೋಡ್ಕೊಳ್ತೇನೆ. ನೀವು ಹೋಗಿ ಬನ್ನಿ. ಊರಲ್ಲಿರುವ ನಿಮ್ಮ ಅಕ್ಕನನ್ನು ನೋಡದೆ ಎಷ್ಟು ವರ್ಷ ಆಯ್ತು.”

ಅವರು ಒಂದು ಗಳಿಗೆ ಯೋಚಿಸಿದಂತೆ ಕಂಡಿತು. ಮತ್ತೆ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಇಲ್ಲ ಮಾರಾಯ್ತಿ. ನಿಂಗೆ ಗೊತ್ತಾಗ್ಲಿಕ್ಕಿಲ್ಲ. ಅಲ್ಲಿ ಎಡಗಡೆ ಕಾಣು, ಅದು ಈಗಷ್ಟೇ ಕಲ್ಲು ಹಿಡೀತಾ ಉಂಟು. ಬೇರೆ ಕೈ ಆಗುದಿಲ್ಲ ಅದಕ್ಕೆ.”

ಮನೋರಮಾ ಒಂದು ಟಿಕೆಟು ರದ್ದು ಮಾಡಿಸಿದಳು. ಮರುದಿನ ಮಹಿಬೂಬ ಅವಳ ಸೂಟ್‌ಕೇಸನ್ನು ಕಾರಿಗಿಟ್ಟ. ದಿಗಂತ್ ಗಲ್ಲಾಪೆಟ್ಟಿಗೆಯಿಂದ ಕೈ ಬೀಸಿದ. ಅವಳು ಹೇಳಿ ಹೋಗಲೆಂದು ಹಿಂದಿನ ಕೋಣೆಗೆ ಹೋದಾಗ ಭುಜಂಗರಾಯರು ಗಾಜಿಗೆ ಮುಖ ಹತ್ತಿರ ಇಟ್ಟು ಏನನ್ನೋ ಎಣಿಸುತ್ತಿದ್ದರು. ತಿರುಗಿ ನೋಡದೆಯೇ ಅವಳ ಹೆಜ್ಜೆ ಗುರುತಿಸಿದರು.

“ಊರು ಮುಟ್ಟಿದ ಕೂಡಲೇ ಫೋನ್ ಮಾಡು,” ಎಂದರು. “ಆದ್ರೆ ಏಳರ ನಂತರ. ಅದಕ್ಕೆ ಮುಂಚೆ ನನ್ನ ಕೈ ನೀರಲ್ಲಿರ್ತದೆ.”